ಮುಟ್ಟಿಸುವ ಪಾಠ ಹೇಳಿದ ಮೇಷ್ಟ್ರು

ಪವರ್ ಸಿಸ್ಟಮ್ಸ್ ಪಾಠ ಮಾಡುತ್ತಿದ್ದ ನಮ್ಮ ಮೇಷ್ಟ್ರಿಗೆ ಜನರೇಟರುಗಳಿಗಿಂತ ಕರೆಂಟು ಸಾಗಿಸುವ ಲೈನುಗಳ ಮೇಲೆ ಪ್ರೀತಿ ಜಾಸ್ತಿ. "ಕರೆಂಟು ಹುಟ್ಟಿಸಿದರೆ ಸಾಲದು ಕಣ್ರೋ, ಮುಟ್ಟಿಸಬೇಕು" ಎನ್ನುತ್ತಿದ್ದರು. ಆ ಮಾತಿನ ತೂಕ ನಮಗೆ ತಿಳಿದದ್ದು 2012ರಲ್ಲಿ.

ಆ ವರ್ಷ ಜುಲೈ 30ರಂದು ಉತ್ತರ ಭಾರತದ ಗ್ರಿಡ್, ಅಂದರೆ ವಿದ್ಯುತ್ ಸ್ಥಾವರಗಳನ್ನೂ ಲೈನುಗಳನ್ನೂ ಬೆಸೆದ ಜಾಲ, ಕುಸಿದು ಬಿತ್ತು. ಮಾರನೆಯ ದಿನ ಮತ್ತೆ ಬಿತ್ತು, ಪೂರ್ವ ಮತ್ತು ಈಶಾನ್ಯದ ಗ್ರಿಡ್‌ಗಳನ್ನೂ ಎಳೆದುಕೊಂಡು. 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ರೈಲುಗಳು ನಿಂತವು, ದೆಹಲಿ ಮೆಟ್ರೋ ನಿಂತಿತು, ಪಶ್ಚಿಮ ಬಂಗಾಳದಲ್ಲಿ ಕಲ್ಲಿದ್ದಲು ಕಾರ್ಮಿಕರು ಗಣಿಯೊಳಗೇ ಸಿಕ್ಕಿಕೊಂಡರು. ಶುರುವಾದದ್ದು ಬೀನಾ–ಗ್ವಾಲಿಯರ್ ನಡುವಿನ ಒಂದು 400 ಕೆವಿ (ಕಿಲೋವೋಲ್ಟ್) ಲೈನಿನಿಂದ.

ನಮ್ಮ ಕ್ಲಾಸಿನಲ್ಲಿ ಫ್ಯಾನು ತಿರುಗುತ್ತಲೇ ಇತ್ತು. "ನಾವು ಬಚಾವ್ ಸಾರ್" ಎಂದ ಒಬ್ಬ ಹುಡುಗ. ಮೇಷ್ಟ್ರು ಸಿಲಬಸ್ ಬದಿಗಿಟ್ಟು ಬೋರ್ಡಿನ ಮೇಲೆ ದೇಶದ ನಕ್ಷೆ ಬರೆದರು. ಆಗ ದಕ್ಷಿಣದ ಗ್ರಿಡ್ ಬೇರೆಯೇ ಇತ್ತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ ಡಿಸಿ ಲೈನಿನಂಥ ಕೆಲವೇ ಕೊಂಡಿಗಳು. ಗ್ರಿಡ್‌ನಲ್ಲಿ ಹರಿಯುವ ಎಸಿ ಕರೆಂಟು ಸೆಕೆಂಡಿಗೆ ಹಲವು ಸಲ ದಿಕ್ಕು ಬದಲಿಸುತ್ತದೆ, ಆ ಲೆಕ್ಕವೇ ಫ್ರೀಕ್ವೆನ್ಸಿ. ಡಿಸಿ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು ಆದ್ದರಿಂದ ಅಲ್ಲಿನ ಫ್ರೀಕ್ವೆನ್ಸಿ ಏರುಪೇರು ಇಲ್ಲಿಗೆ ಹಬ್ಬಲಿಲ್ಲ. "ಆದರೆ ಖುಷಿ ಪಡಬೇಡಿ" ಎಂದರು. ನಮಗೆ ಕೊರತೆ ಬಿದ್ದಾಗ ಹೊರಗಿನ ಕರೆಂಟು ತರಲು ಆ ಕೊಂಡಿಗಳು ಸಾಲುತ್ತಿರಲಿಲ್ಲ. ಕರೆಂಟು ಕೊಳ್ಳುವ, ಮಾರುವ ಮಾರುಕಟ್ಟೆಯಾದ ಪವರ್ ಎಕ್ಸ್‌ಚೇಂಜ್‌ನಲ್ಲಿ ದಕ್ಷಿಣದ ರಾಜ್ಯಗಳು ಉಳಿದವರಿಗಿಂತ ಹೆಚ್ಚು ದರ ಕೊಡುತ್ತಿದ್ದವು. ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಡೀಸೆಲ್ ಸುಟ್ಟು ಲೇತ್ ಓಡಿಸುತ್ತಿದ್ದರು. ಆ ಡೀಸೆಲ್ಲಿನ ಕಚ್ಚಾ ತೈಲದಲ್ಲಿ ಬಹುಪಾಲು ಹೊರದೇಶದ್ದು. ಲೈನು ಸಾಲದ್ದಕ್ಕೆ ದೇಶ ಡಾಲರ್ ತೆರಬೇಕಾಯಿತು, ಅಲ್ವಾ?

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನು ಚಾಲೂ ಆಯಿತು. ದಕ್ಷಿಣದ ಗ್ರಿಡ್ ಉಳಿದದ್ದರ ಜೊತೆ ಸೇರಿತು, ಇಡೀ ದೇಶ ಒಂದೇ ಫ್ರೀಕ್ವೆನ್ಸಿಗೆ ಬಂತು. ಹೊಸ ವರ್ಷದ ಮೊದಲ ಕ್ಲಾಸಿನಲ್ಲಿ ಮೇಷ್ಟ್ರು ಸಿಹಿ ಹಂಚಿದರು. ಜೊತೆಗೇ ಹೇಳಿದರು: "ಇನ್ಮೇಲೆ ಅಲ್ಲಿ ಎಡವಿದರೆ ಇಲ್ಲಿಗೂ ತಗುಲುತ್ತೆ. ರಿಲೇ ಪಾಠ ಸರಿಯಾಗಿ ಓದಿ." ಲೈನಿನಲ್ಲಿ ದೋಷ ಬಂದ ಕೂಡಲೇ ಗುರುತಿಸಿ, ಅದನ್ನು ಜಾಲದಿಂದ ಬಿಡಿಸಲು ಸೂಚಿಸುವ ಸಾಧನವೇ ರಿಲೇ. ನಾನು ಇವತ್ತು ಗ್ರಿಡ್‌ಗೆ ಇಂಥ ರಕ್ಷಣೆ ಕೊಡುವ ಪ್ರೊಟೆಕ್ಷನ್ ಕೆಲಸದಲ್ಲಿರುವುದಕ್ಕೆ ಮೇಷ್ಟ್ರ ಆ ಮಾತೇ ಕಾರಣ.

ಈಗ ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಪ್ಯಾನಲ್‌ಗಳನ್ನು ಬೇಗ ಹಾಕಿಬಿಡಬಹುದು. ಲೈನಿಗೆ ಹಾಗಲ್ಲ. ದಾರಿಯುದ್ದಕ್ಕೂ ರೈತರ ಹೊಲಗಳಿವೆ, ಅವರಿಗೆ ನ್ಯಾಯವಾದ ಪರಿಹಾರ ಸಿಗಬೇಕು, ಕಾಡಿದ್ದರೆ ಅನುಮತಿ ಬೇಕು. ಅದಕ್ಕೇ ಲೈನಿನ ಕೆಲಸವನ್ನು ಮೊದಲೇ ಶುರುಮಾಡಬೇಕು ಎಂದು ನಾನು ಹೋದಲ್ಲೆಲ್ಲ ವಾದಿಸುತ್ತೇನೆ. ಈ ಸಲ ಇಂಡಸ್ಟ್ರಿಯಲ್ ವಿಸಿಟ್‌ಗೆ ಪಾವಗಡಕ್ಕೆ ಹೋಗುವ ವಿದ್ಯಾರ್ಥಿಗಳು ಸುಮ್ನೆ ಪ್ಯಾನಲ್ ಮುಂದೆ ಫೋಟೋ ತೆಗೆಸಿಕೊಂಡು ಬರಬೇಡಿ. ಅಲ್ಲಿನ 400 ಕೆವಿ ಸಬ್‌ಸ್ಟೇಷನ್ ನೋಡಿ, ಯಾವ ಲೈನು ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿನ ಎಂಜಿನಿಯರುಗಳನ್ನು ಕೇಳಿ.