10.16ರ ಕಾಟ: 1914-18ರ ಬೆಳ್ಳಿ ಪದಕ, ಮೂರನೇ ವಾರ

ಕೊಂಡ ಪದಕ ಅಸಲಿಯೋ ನಕಲಿಯೋ ಎಂಬುದು ಅಂತೂ ತೀರ್ಮಾನವಾಯಿತು. ಬೆಳ್ಳಿ ಅಸಲಿ, ಅಚ್ಚು ಅಸಲಿ, ಅಂಚಿನ ಮೇಲಿನ ಪಲ್ಟನ್ನಿನ ಹೆಸರು ಮಾತ್ರ ಆಮೇಲೆ ಕೊರೆದದ್ದು.

ಮೇಜಿನ ಮೇಲಿರುವುದು ಬ್ರಿಟಿಷ್ ವಾರ್ ಮೆಡಲ್, ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದವರಿಗೆ ಕೊಟ್ಟದ್ದು. ಅಂಚಿನಲ್ಲಿ ನಂಬರು, ‘ಸೆಪಾಯ್’, ಹೆಸರು, ಕೊನೆಗೆ ‘117 ಮಹ್ರಟ್ಟಾಸ್’. ರಾಜನ ಮುಖ, ಕುದುರೆ ಸವಾರ, ಸುತ್ತಿನ ಅಕ್ಷರ ಇವನ್ನೆಲ್ಲ ಹೋಲಿಸುವ ಮಾಮೂಲಿ ಕೆಲಸ ಮೊದಲ ದಿನವೇ ಮುಗಿದಿತ್ತು, ಎಲ್ಲಿಯೂ ಕೊರತೆ ಕಾಣಲಿಲ್ಲ. ತಲೆ ತಿಂದದ್ದು ಸಾಂದ್ರತೆ, ಅಂದರೆ ಒಂದು ಸಿ.ಸಿ.ಗೆ ಎಷ್ಟು ಗ್ರಾಂ ಎಂಬ ಲೆಕ್ಕ.

ವಿಧಾನ ಎಲ್ಲರಿಗೂ ಗೊತ್ತಿದ್ದದ್ದೇ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ತೆಳ್ಳನೆಯ ಗಾಳದ ದಾರದಲ್ಲಿ ಪದಕವನ್ನು ತಳ ಮುಟ್ಟದಂತೆ ಮುಳುಗಿಸಿದರೆ ಏರುವ ಅಂಕಿಯೇ ಪದಕ ತಳ್ಳಿದ ನೀರಿನ ತೂಕ. ಒಣ ತೂಕ 32.14 ಗ್ರಾಂ, ತಳ್ಳಿದ ನೀರು 3.15. ಭಾಗಿಸಿ, 30 ಡಿಗ್ರಿ ನೀರಿನ ಸಾಂದ್ರತೆ 0.9957ರಿಂದ ಗುಣಿಸಿದರೆ 10.16. ಆಗಬೇಕಾದದ್ದು 10.36, ಏಕೆಂದರೆ ಈ ಪದಕ 92.5ರ ಬೆಳ್ಳಿ (ನೂರಕ್ಕೆ 92.5 ಪಾಲು ಬೆಳ್ಳಿ). 10.16 ಅಂದರೆ ಹೆಚ್ಚುಕಡಿಮೆ 80ರ ಬೆಳ್ಳಿ, ಅಂದರೆ ಯಾರೋ ಹಳೆಯ ಗೆಜ್ಜೆ ಕರಗಿಸಿ ಎರಕ ಹೊಯ್ದಿದ್ದಾರೆ ಎಂಬ ಅನುಮಾನ. ಆದರೆ ಲೂಪಿನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡಿದರೆ ಎರಕದ ಗುಳ್ಳೆಯಿಲ್ಲ, ಬೆಸುಗೆ ಗೆರೆಯಿಲ್ಲ, ಅಕ್ಷರಗಳ ಬುಡ ಚೂಪಾಗಿದೆ. ತಕ್ಕಡಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು.

ಮೊದಲ ಅನುಮಾನ ನೀರಿನ ಮೇಲೆ. ಕಡಲ ಪಕ್ಕದ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಉಪ್ಪು ನೀರು ಭಾರ, ಹಾಗಾಗಿ ಉತ್ತರ ಕೆಳಗಿಳಿಯುತ್ತದೆ. ಪೂರ್ತಿ ಸಮುದ್ರದ ನೀರೇ ಆದರೆ ಎರಡೂವರೆ ಶೇಕಡಾ ತಪ್ಪು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತಂದು, ಕುದಿಸಿ ಆರಿಸಿ (ಒಳಗಿನ ಗಾಳಿ ಹೋಗಲಿ ಎಂದು) ಮತ್ತೆ ತೂಗಿದರೂ ಅದೇ 10.16. ನೀರು ನಿರಪರಾಧಿ.

ಕಳ್ಳ ಸಿಕ್ಕಿದ್ದು ಟಾರ್ಚನ್ನು ಅಡ್ಡ ಹಿಡಿದು ಲೋಟದೊಳಗೆ ನೋಡಿದಾಗ. ಸುತ್ತಿನ ಅಕ್ಷರಗಳ ಸಂದಿಯಲ್ಲಿ, ಕುದುರೆಯ ಕಾಲಡಿಯಲ್ಲಿ, ರಿಬ್ಬನ್ ಪೋಣಿಸುವ ಮೇಲಿನ ಪಟ್ಟಿಯ ಬುಡದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿ ಕೂತಿವೆ. ಪದಕ ನೀರನ್ನು ಒಲ್ಲೆನ್ನುತ್ತಿದೆ, ಕಾರಣ ಎಣ್ಣೆ. ನಮ್ಮ ಕಡೆ ಮನೆಗಳಲ್ಲಿ ಹೊಳಪು ಬರಲೆಂದು ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಚ್ಚುತ್ತಾರಲ್ಲ, ಅದೇ ಇರಬೇಕು. ತಲೆಗೂ ಅದೇ, ಬಾಗಿಲಿನ ಕೀಲಿಗೂ ಅದೇ, ಅಜ್ಜನ ಪದಕಕ್ಕೂ ಅದೇ. ಅಸಿಟೋನಿನಲ್ಲಿ ಹತ್ತು ನಿಮಿಷ ಅದ್ದಿ, ಮೆತ್ತನೆ ಬ್ರಷ್ ಆಡಿಸಿ, ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿದಾಗ ಒಣ ತೂಕ 32.12, ತಳ್ಳಿದ ನೀರು 3.09. ಉತ್ತರ 10.35. ಮೂರು ವಾರ ಕುಣಿಸಿದ್ದು 0.06 ಸಿ.ಸಿ. ಗಾಳಿ, ಮಾರಾಯ್ರೇ!

ಇಲ್ಲೊಂದು ಮಿತಿ ಇದೆ. ಈ ಗಾತ್ರದ ಪದಕಕ್ಕೆ ತಕ್ಕಡಿ 0.01 ಗ್ರಾಂ ತಪ್ಪಿದರೆ ಉತ್ತರ 0.03ರಷ್ಟು ಓಡುತ್ತದೆ. ಬ್ರಿಟಿಷರ ಕಾಲದ ರೂಪಾಯಿ ನಾಣ್ಯದ 91.7ರ ಬೆಳ್ಳಿಗೆ 10.34. ಹಾಗಾಗಿ 92.5 ಮತ್ತು 91.7ರ ವ್ಯತ್ಯಾಸವನ್ನು ಈ ಲೋಟ ಹೇಳಲಾರದು. ಹಾಗೆಂದು ಅಕ್ಕಸಾಲಿ ಶೇಟರ ಅಂಗಡಿಯ ಒರೆಗಲ್ಲಿಗೆ ಒಯ್ಯಬೇಡಿ. ಅವರು ಉಜ್ಜುವುದು ಅಂಚನ್ನೇ, ನಮಗೆ ಬೇಕಾದ ಸಾಕ್ಷಿ ಇರುವುದೂ ಅಲ್ಲೇ.

ರಿಬ್ಬನ್ನಿನದು ಸಣ್ಣ ಗೋಳು. ಅತಿನೇರಳೆ ಬೆಳಕಿನಲ್ಲಿ ಬಿಳಿ ಪಟ್ಟೆ ನೀಲಿಯಾಗಿ ಹೊಳೆಯಿತು. ಹೊಸ ನೂಲಿಗೆ ಹಾಕುವ ಬಿಳುಪುಕಾರಕದ ಗುರುತು ಅದು. ಆದರೆ ಸೋಪಿನ ಪುಡಿಯಲ್ಲಿ ತೊಳೆದ ಹಳೆಯ ರೇಷ್ಮೆಯೂ ಹೊಳೆಯುತ್ತದೆ. ಬಿಳಿ ಪಟ್ಟೆ ಮಾತ್ರ ಹೊಳೆದರೆ ನೂಲೇ ಹೊಸದು; ಕಿತ್ತಳೆ ಪಟ್ಟೆ, ಹೊಲಿಗೆ ದಾರ ಎಲ್ಲ ಮಚ್ಚೆಮಚ್ಚೆಯಾಗಿ ಹೊಳೆದರೆ ತೊಳೆದದ್ದು. ಇಲ್ಲಿ ಎರಡನೆಯದು. ಮಡಿಕೆಯೊಳಗಿನ ಒಂದು ಎಳೆ ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ರೇಷ್ಮೆಯೇ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಅಂದಹಾಗೆ, ಆನ್‌ಲೈನಿನಲ್ಲಿ ‘365’ (ಬೆಳಕಿನ ತರಂಗಾಂತರ, ನ್ಯಾನೊಮೀಟರಿನಲ್ಲಿ) ಎಂದು ಮಾರುವ ಅತಿನೇರಳೆ ಟಾರ್ಚುಗಳಲ್ಲಿ ಎಷ್ಟೋ 395ರವು. ಗೋಡೆಯೆಲ್ಲ ನೇರಳೆಯಾಗಿ ಕಂಡರೆ ಹಣ ಹೋಯಿತು ಎಂದೇ ಲೆಕ್ಕ. ಏನೇ ಇರಲಿ, ರಿಬ್ಬನ್ ಸಾಕ್ಷಿ ಹೇಳುವುದು ರಿಬ್ಬನ್ನಿಗೆ ಮಾತ್ರ. ಅದನ್ನು ಬದಲಿಸಲು ಎರಡು ನಿಮಿಷ ಸಾಕು.

ಇನ್ನು ಅಂಚು. ಮಾರಿದವರು ಕಳಿಸಿದ ಒಂಬತ್ತು ಫೋಟೊಗಳಲ್ಲಿ ಅಂಚಿನದು ಒಂದೂ ಇರಲಿಲ್ಲ, ಡಬ್ಬಿಯದು ಮೂರಿತ್ತು. ರಾಜನ ಮುಖ ಮೇಲಿಟ್ಟು ಗಡಿಯಾರದಂತೆ ಅಳೆದಾಗ 1ರಿಂದ 7ಕ್ಕೆ 36.03 ಮಿ.ಮೀ., 2-8ಕ್ಕೆ 36.02, 3-9ಕ್ಕೆ 35.94, 4-10ಕ್ಕೆ 35.81, 5-11ಕ್ಕೆ 35.80. (12-6ಕ್ಕೆ ಮೇಲಿನ ಪಟ್ಟಿ ಅಡ್ಡ.) ಎರಕದ ನಕಲಾಗಿದ್ದರೆ ಲೋಹ ಆರುವಾಗ ಸುತ್ತಲೂ ಒಂದೇ ಸಮನೆ ಕುಗ್ಗಿ 35.4ರ ಆಸುಪಾಸು ಬರಬೇಕಿತ್ತು. ಇಲ್ಲಿ ತಗ್ಗಿರುವುದು 3ರಿಂದ 6ರ ನಡುವೆ ಮಾತ್ರ. ಇದರ ಪಕ್ಕದಲ್ಲೇ ಎದೆಗೆ ಧರಿಸುತ್ತಿದ್ದ ಅದೇ ಯುದ್ಧದ ವಿಕ್ಟರಿ ಮೆಡಲ್ ತಾಗಿ 3ರ ಕಡೆ ಪೆಟ್ಟಾಗುವುದುಂಟು, ನಿಜ. ಅದು ಚುಕ್ಕಿ ಚುಕ್ಕಿ ನೆಗ್ಗು ಬಿಡುತ್ತದೆಯೇ ಹೊರತು 28 ಮಿ.ಮೀ. ಉದ್ದ ನುಣ್ಣಗೆ ಬೋಳಿಸುವುದಿಲ್ಲ. ಅದು ಅರದ ಕೆಲಸ.

ಖಾತ್ರಿಗೆ 6ಬಿ ಪೆನ್ಸಿಲ್ ಪುಡಿಯನ್ನು ಅಂಚಿಗೆ ಸವರಿ, ಸೆಲ್ಲೋಟೇಪಿನಲ್ಲಿ ಎತ್ತಿ ಬಿಳಿ ಹಾಳೆಗೆ ಅಂಟಿಸಬೇಕು. 113 ಮಿ.ಮೀ. ಉದ್ದದ ಪಟ್ಟಿಯಲ್ಲಿ ಇಡೀ ಅಂಚು ಚಪ್ಪಟೆಯಾಗಿ ಸಿಗುತ್ತದೆ, ಲೂಪ್ ಹಿಡಿದು ತಿರುಗಿಸುವ ಕುತ್ತಿಗೆ ನೋವಿಲ್ಲ. ‘ಸೆಪಾಯ್’ನ ಇಂಗ್ಲಿಷ್ ‘ಎಸ್’ ಮತ್ತು ‘ಮಹ್ರಟ್ಟಾಸ್’ನ ‘ಎಸ್’ ಅವಳಿಗಳಂತಿರಬೇಕು. ಎರಡನೆಯದು ಕೂದಲೆಳೆಯಷ್ಟು ಎತ್ತರ, ಮೇಲಿನ ಬಾಗು ಕಿರಿದು. ಮುಖ್ಯವಾಗಿ, ಮೊದಲ ಭಾಗದಲ್ಲಿ ಸವೆತದ ಗೀರುಗಳು ಅಕ್ಷರದ ತುಟಿಯ ಮೇಲೂ ಹಾದುಹೋಗಿವೆ. ಪಲ್ಟನ್ನಿನ ಜಾಗದಲ್ಲಿ ಅರದ ಗೀರುಗಳನ್ನೇ ಅಕ್ಷರ ಕತ್ತರಿಸಿಕೊಂಡು ಹೋಗಿದೆ. ಗೀರು ಮೊದಲು, ಅಕ್ಷರ ಆಮೇಲೆ.

ಯಾಕೆ 117? 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಈಗಿನ ಇರಾಕಿನ ಕುತ್‌ನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿಬಿದ್ದ ಪಲ್ಟನ್ನುಗಳಲ್ಲಿ ಅದೂ ಒಂದು. ಆ ಹೆಸರಿದ್ದರೆ ಬೆಲೆ ಏರುತ್ತದೆ, ನಮ್ಮ ಕರಾವಳಿಯಲ್ಲಿ ಮರಾಠಾ ಪಲ್ಟನ್ ಎಂದರೆ ಗಿರಾಕಿಯೂ ಬೇಗ ಸಿಗುತ್ತಾನೆ. ಅಳಿಸಿದ್ದು ಯಾವ ದಳವೋ, ಬಹುಶಃ ಯಾರೂ ಕೇಳದ ಹೇಸರಗತ್ತೆ ದಳವೋ ಏನೋ. ಅಡ್ಡ ಬೆಳಕಿನಲ್ಲಿ 4ರ ಹತ್ತಿರ ಒಂದು ನೆಟ್ಟಗಿನ ಗೆರೆಯ ನೆರಳು ಉಳಿದಿದೆ, ಅಷ್ಟೆ. ಆಸಿಡ್ ಹಾಕಿ ಅಳಿದ ಅಕ್ಷರ ಎಬ್ಬಿಸುವ ಪೊಲೀಸ್ ಲ್ಯಾಬಿನ ವಿಧಾನವಿದೆ. ಪದಕದ ಮೇಲೆ ಅದು ಬೇಡ; ಉಳಿದಿರುವ ಅಸಲಿ ಹೆಸರೂ ತಿಂದುಹೋದೀತು.

ಮುಂದಿನ ಸರದಿ ಭಾರತದ 1947ರ ಜನರಲ್ ಸರ್ವಿಸ್ ಮೆಡಲ್, ರಿಬ್ಬನ್ನಿನ ಮೇಲೆ ಕೂರುವ ‘ಗೋವಾ 1961’ ಎಂಬ ಲೋಹದ ಪಟ್ಟಿಯದು. ಆ ಕಾರ್ಯಾಚರಣೆಯಲ್ಲಿ ನಮ್ಮ ನೌಕಾಪಡೆ ಪೋರ್ಚುಗೀಸರಿಂದ ಗೆದ್ದ ಅಂಜದೀವ್ ದ್ವೀಪ ಕಣ್ಣೆದುರೇ ಇರುವ ಊರಲ್ಲಿ ಅದಿಲ್ಲದಿದ್ದರೆ ಹೇಗೆ? ತಾಮ್ರ-ನಿಕ್ಕಲ್ ಪದಕ, ಸಾಂದ್ರತೆ 8.9, ಬರಿ ತಾಮ್ರದ್ದೂ ಹತ್ತಿರ ಹತ್ತಿರ ಅಷ್ಟೇ. ಲೋಟ ತಕ್ಕಡಿಗೆ ರಜೆ. ಪೂರ್ತಿ ಕೆಲಸ ಪಟ್ಟಿಯ ರಿವೆಟ್ಟುಗಳ ಮೇಲೆ: ತಲೆ ಚಪ್ಪಟೆಯೋ ಗುಂಡೋ, ಸುತ್ತ ಹೊಸ ಬೆಸುಗೆಯ ಬೂದು ಬಣ್ಣ ಇದೆಯೋ. ಈ ಸಲ ಬುದ್ಧಿ ಬಂದು ರಿವೆಟ್ಟಿನ ಹತ್ತಿರದ ಫೋಟೊ ಮೊದಲೇ ಕೇಳಿದ್ದಾಯಿತು. ನಿನ್ನೆ ನಾಲ್ಕು ಬಂದಿವೆ. ನಾಲ್ಕೂ ಡಬ್ಬಿಯವು.