ನಾಟಕಕ್ಕೆ ಸರ್ಕಾರದ ದುಡ್ಡು ಯಾಕೆ ಅಂತ ಕೇಳುವವರಿಗೆ

ನಾನು ಹವ್ಯಾಸಿ ತಂಡವೊಂದರಲ್ಲಿ ನಾಟಕ ಮಾಡುತ್ತೇನೆ. ಅದು ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ: ‘ಕುಣಿಯೋಕೆ, ಹಾಡೋಕೆಲ್ಲ ಸರ್ಕಾರ ಯಾಕೆ ದುಡ್ಡು ಕೊಡಬೇಕು? ಅದರಲ್ಲಿ ರಸ್ತೆ ಮಾಡಬಹುದಲ್ವಾ?’ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ರಸ್ತೆ ಬೇಡ ಅಂತ ನಾನೆಲ್ಲಿ ಹೇಳಿದೆ? ಅದೇ ರಸ್ತೆಯಿಂದ ಈ ವರ್ಷ ಎಷ್ಟು ಲಾಭ ಬಂತು ಅಂತ ನೀವು ಯಾವತ್ತೂ ಕೇಳುವುದಿಲ್ಲ. ನಾಟಕದ ವಿಷಯ ಬಂದಾಗ ಮಾತ್ರ ಎಲ್ಲರ ಕೈಗೂ ಲೆಕ್ಕದ ಪುಸ್ತಕ ಬರುತ್ತದೆ.

2010ರಲ್ಲಿ ಮೈಸೂರಿನ ರಂಗಾಯಣ, ಅಂದರೆ ಸರ್ಕಾರದ ನಾಟಕ ಸಂಸ್ಥೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ನಾಟಕ ಮಾಡಿತು. ಸಿ. ಬಸವಲಿಂಗಯ್ಯ ಅವರ ನಿರ್ದೇಶನ. ರಾತ್ರಿಯಿಡೀ ಸುಮಾರು 9 ಗಂಟೆಯ ಆಟ, 4 ರಂಗಸ್ಥಳ. ಒಂದು ಕಡೆ ದೀಪ ಆರಿದರೆ ನೋಡೋಕೆ ಹೋದ ನಾವೆಲ್ಲ ಚಪ್ಪಲಿ ಹುಡುಕಿ, ಹೊದಿಕೆ ಸುತ್ತಿಕೊಂಡು ಇನ್ನೊಂದು ಕಡೆಗೆ ಹೊರಡಬೇಕು. ನನ್ನ ಮುಂದೆ ಮಂಕಿ ಕ್ಯಾಪ್ ಹಾಕಿದ ಒಬ್ಬರು ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಿದ್ದರು. ನಡುರಾತ್ರಿ ಟೀ ಕುಡಿಯುವಾಗ, ಒಬ್ಬರಿಗೊಬ್ಬರು ಗುರುತೇ ಇಲ್ಲದ ಇಬ್ಬರು, ನಾಟಕದಲ್ಲಿ ಗುತ್ತಿ ಅನ್ನುವವನು ತಿಮ್ಮಿಯನ್ನು ಹಾರಿಸಿಕೊಂಡು ಹೋದದ್ದು ಸರಿಯೋ ತಪ್ಪೋ ಅಂತ ಜಗಳಕ್ಕೇ ಬಿದ್ದಿದ್ದರು. ಲೋಟದಲ್ಲಿ ಟೀ ಆರಿಹೋಗಿತ್ತು.

ಅಷ್ಟು ನಟರು, ಅಷ್ಟು ದಿನದ ತಾಲೀಮು. ಟಿಕೆಟ್ ದುಡ್ಡನ್ನೇ ನಂಬಿ ಇದಕ್ಕೆ ಯಾರು ಕೈಹಾಕುತ್ತಾರೆ ಹೇಳಿ? 1989ರಲ್ಲಿ ಸರ್ಕಾರ ಶುರು ಮಾಡಿ, ನಾಟಕ ನಿರ್ದೇಶಕ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲಿ ಸಂಬಳ ಪಡೆದು ವರ್ಷಗಟ್ಟಲೆ ಒಟ್ಟಿಗೆ ದುಡಿದ ನಟರಿದ್ದರು. ಅದಕ್ಕೇ ಆಯಿತು.

‘ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಟಿಕೆಟ್ ಮೇಲೇ ನಡೆಯಲಿಲ್ವಾ?’ ಅನ್ನುತ್ತಾರೆ. ನಡೆಯಿತು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಸಿನಿಮಾ, ಟೀವಿ ಬಂದ ಮೇಲೆ ಎಷ್ಟು ಕಂಪನಿಗಳು ಉಳಿದವು?

ನಿಜಕ್ಕೂ ನೀವು ಕೇಳಬೇಕಾದ್ದು ಬೇರೆ. ನಿಮ್ಮ ತೆರಿಗೆ ದುಡ್ಡಿನ ನಾಟಕ ನಿಮ್ಮ ಊರಿಗೆ ಯಾಕೆ ಬರುತ್ತಿಲ್ಲ? ಮೈಸೂರಿನಲ್ಲಿ ಬೇಸಿಗೆ ರಜೆಗೆ ರಂಗಾಯಣದ ಚಿಣ್ಣರ ಮೇಳ ಇದೆ. ಮಕ್ಕಳು ಹಾಡು, ಕುಣಿತ ಕಲಿತು ಕೊನೆಗೆ ನಾಟಕ ಆಡುತ್ತಾರೆ. ಧಾರವಾಡ, ಶಿವಮೊಗ್ಗ, ಕಲಬುರಗಿಗೂ ರಂಗಾಯಣ ಬಂತು, ಸಂತೋಷ. ಅದರಾಚೆಗೆ?

ನಮ್ಮ ಊರಿನಲ್ಲೂ ಸರ್ಕಾರ ಕಟ್ಟಿಸಿದ ರಂಗಮಂದಿರ ಇದೆ. ಜಾಸ್ತಿ ದಿನ ಬೀಗ. ಬಾಗಿಲು ತೆಗೆಯುವುದು ಸಭೆ, ಸನ್ಮಾನಕ್ಕೆ. ಪರದೆ ಎಳೆದರೆ ಅರ್ಧಕ್ಕೆ ನಿಲ್ಲುತ್ತದೆ, ದೀಪದ ಬೋರ್ಡಿನಲ್ಲಿ ಒಂದು ಸ್ವಿಚ್ಚೂ ಕೆಲಸ ಮಾಡುವುದಿಲ್ಲ. ನಾವು ಬಾಡಿಗೆ ಕೇಳಿದಾಗ ಹೇಳಿದ ಮೊತ್ತ ನಮ್ಮ ಅಷ್ಟೂ ಟಿಕೆಟ್ ಮಾರಿದರೂ ಹುಟ್ಟುತ್ತಿರಲಿಲ್ಲ. ಶಾಲೆ ಮೈದಾನದಲ್ಲಿ ಆಡಿದೆವು. ಗಾರ್ಮೆಂಟ್ ಕೆಲಸ ಮುಗಿಸಿ ಬಂದ ಹೆಂಗಸರು ಊಟದ ಬ್ಯಾಗು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ಪೂರ್ತಿ ನೋಡಿದರು. ಇವರಿಗೆ ನಾಟಕ ಬೇಡ ಅಂತ ನನ್ನ ಮುಂದೆ ಯಾರೂ ಹೇಳಬೇಡಿ.

ಅಷ್ಟು ಕಾಳಜಿ ಇದ್ದರೆ ಒಂದು ಕೆಲಸ ಮಾಡಿ. ನಿಮ್ಮ ಊರಿನ ರಂಗಮಂದಿರದ ಬಾಡಿಗೆ ಎಷ್ಟು, ಹೋದ ವರ್ಷ ಅಲ್ಲಿ ಎಷ್ಟು ನಾಟಕ ಆದವು, ಬೀಗದ ಕೈ ಯಾರ ಹತ್ತಿರ ಇದೆ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬರೆಯೋಕೆ ಬರಲಿಲ್ಲ ಅಂದರೆ ಹೇಳಿ, ನಾನೇ ಬರೆದುಕೊಡುತ್ತೇನೆ.