ಹಿಂಬಾಗಿಲು ತೆಗೆದವನು ನಾನೇ

ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು 12 ವರ್ಷ ಆಯ್ತು. ವೈರಸ್ ಕೇಸು ವಾರಕ್ಕೆ ಎರಡಾದ್ರೂ ಬರುತ್ತವೆ, ಬರೆಯುವಂಥದ್ದೇನೂ ಇರಲ್ಲ. ಈ ಒಂದನ್ನ ಬರೀತಿದ್ದೀನಿ, ಯಾಕಂದ್ರೆ ಇದರಲ್ಲಿ ಮರ್ಯಾದೆ ಹೋಗಿದ್ದು ನನ್ನದೇ.

ಗಿರಾಕಿ ಒಬ್ಬ ಡಿಟಿಪಿ ಅಂಗಡಿಯ ಅಣ್ಣ. ಲಗ್ನಪತ್ರಿಕೆ, ಬಿಲ್ ಬುಕ್, ಜೆರಾಕ್ಸ್, ಜೊತೆಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡೋದು. ಫೋನ್ ಮಾಡಿ ಹೇಳಿದ್ದು ವೈರಸ್ ಬಗ್ಗೆ ಅಲ್ಲ. "ತಮ್ಮಾ, ನನ್ನ ಮೊಬೈಲ್ ನೆಟ್ ಮಧ್ಯಾಹ್ನ ಊಟದ ಹೊತ್ತಿಗೇ ಖಾಲಿ ಆಗಕ್ಕತ್ತೈತಿ, ಕಂಪನಿಯವ್ರು ಮೋಸ ಮಾಡ್ತಾರೇನೋ?" ಅಂದರು. ಅವರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಸಿಸ್ಟಂ ಓಡಿಸೋದು, ದಿನಕ್ಕೆ 2 ಜಿಬಿ ಪ್ಯಾಕ್. ಮೊದಲೆಲ್ಲ ರಾತ್ರಿವರೆಗೂ ಮುಗೀತಿರಲಿಲ್ಲವಂತೆ. ಇನ್ನೊಂದು ಮಾತು ಸುಮ್ನೆ ಸೇರಿಸಿದರು, ಸಿಸ್ಟಂ ಆನ್ ಆದಾಗ ಒಂದು ಕರೀ ಕಿಟಕಿ ಕಣ್ಣು ಮಿಟುಕಿಸೋಷ್ಟರಲ್ಲಿ ಬಂದು ಹೋಗುತ್ತೆ ಅಂತ. ನನ್ನ ಕಿವಿ ನೆಟ್ಟಗಾಗಿದ್ದು ಅದಕ್ಕೆ.

ಹೋಗಿ ನೋಡಿದೆ. ವಿಂಡೋಸ್‌ನದ್ದೇ ಆ್ಯಂಟಿವೈರಸ್ ಡಿಫೆಂಡರ್ ಹಸಿರು ಟಿಕ್ ತೋರಿಸ್ತಾ ಆರಾಮಾಗಿತ್ತು. ಅಣ್ಣ ಬ್ರೌಸರ್ ಎಲ್ಲ ಮುಚ್ಚಿದ ಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟ್ಯಾಟ್ ಹಾಕಿದೆ, ಸಿಸ್ಟಂ ಯಾವ ಯಾವ ವಿಳಾಸಕ್ಕೆ ಸಂಪರ್ಕದಲ್ಲಿದೆ ಅಂತ ತೋರಿಸೋ ಆದೇಶ ಅದು. ವಿಂಡೋಸ್‌ನ ನಾಲ್ಕಾರು ಸಂಪರ್ಕಗಳ ನಡುವೆ ಒಂದು ಮಾತ್ರ ಹೊರದೇಶದ ವಿಳಾಸಕ್ಕೆ, 5552 ಪೋರ್ಟ್‌ಗೆ (ಸಂಪರ್ಕದ ಬಾಗಿಲ ನಂಬರ್), ಗಟ್ಟಿಯಾಗಿ ಅಂಟಿಕೊಂಡಿತ್ತು. ಈ ಕೆಲಸದಲ್ಲಿರೋರಿಗೆ ಆ ನಂಬರ್ ಕಂಡ್ರೆ ಎನ್‌ಜೆರ್‍ಯಾಟ್ ನೆನಪಾಗುತ್ತೆ. ಹತ್ತು ವರ್ಷಕ್ಕಿಂತ ಹಳೇ ಪೀಡೆ, ಇನ್ನೂ ಸತ್ತಿಲ್ಲ. ಎಲ್ಲೋ ಕೂತವನು ನಿಮ್ಮ ಸ್ಕ್ರೀನ್ ನೋಡಬಹುದು, ನೀವು ಒತ್ತಿದ ಕೀಗಳನ್ನೆಲ್ಲ ಓದಬಹುದು, ಕ್ಯಾಮೆರಾ ಆನ್ ಮಾಡಬಹುದು, ಫೈಲ್ ಎತ್ತಬಹುದು. ಸ್ಕ್ರೀನ್ ಚಿತ್ರಗಳು ಹೊರಗೆ ಹೋಗ್ತಿದ್ರೆ 2 ಜಿಬಿ ಎಲ್ಲಿ ಸಾಲುತ್ತೆ? ಪೋರ್ಟ್ ನಂಬರ್ ಯಾರು ಬೇಕಾದ್ರೂ ಬದಲಾಯಿಸಬಹುದು, ಹಾಗಾಗಿ ನಂಬರ್ ಒಂದೇ ಸಾಕ್ಷಿ ಅಲ್ಲ. ಆ ಸಂಪರ್ಕ ಇಟ್ಟುಕೊಂಡಿದ್ದ ಪ್ರೋಗ್ರಾಂನ ನಂಬರ್ (ಪ್ರೋಸೆಸ್ ಐಡಿ) ಹಿಡಿದು ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿದೆ. ಹೆಸರು ಎಸ್‌ವಿಸಿಹೋಸ್ಟ್.

ಆ ಹೆಸರಿನವು ವಿಂಡೋಸ್‌ನಲ್ಲಿ ಹತ್ತಾರು ಓಡ್ತಿರುತ್ತವೆ, ಅದಕ್ಕೇ ಕಳ್ಳರಿಗೆ ಆ ಹೆಸರು ಇಷ್ಟ. ಹೆಸರು ನೋಡಬಾರದು, ಮನೆ ನೋಡಬೇಕು. ಬಲಗಡೆ ಕ್ಲಿಕ್ ಮಾಡಿ ಫೈಲ್ ಇರೋ ಜಾಗ ತೆಗೆದೆ. ಅಸಲಿ ಆಗಿದ್ದರೆ ವಿಂಡೋಸ್ ಫೋಲ್ಡರ್‌ನೊಳಗೆ ಸಿಸ್ಟಂ32ರಲ್ಲಿ ಇರಬೇಕು. ಇದು ಬಳಕೆದಾರನ ಆಪ್‌ಡೇಟಾದಲ್ಲಿ, ರೋಮಿಂಗ್ ಫೋಲ್ಡರ್‌ನಲ್ಲಿ ಕೂತಿತ್ತು. ಡಿಫೆಂಡರ್ ಯಾಕೆ ಸುಮ್ಮನಿತ್ತು ಅಂತ ಅದರ ಸೆಟ್ಟಿಂಗ್‌ನಲ್ಲಿ ಎಕ್ಸ್‌ಕ್ಲೂಷನ್ಸ್, ಅಂದ್ರೆ ಪರೀಕ್ಷೆ ಮಾಡದೆ ಬಿಡೋ ಜಾಗಗಳ ಪಟ್ಟಿ, ತೆಗೆದು ನೋಡಿದ್ರೆ, ಇಡೀ ಸಿ ಡ್ರೈವ್! ಕಾವಲುಗಾರನಿಗೆ ಮನೆ ಕಡೆ ನೋಡಬೇಡ ಅಂತ ಹೇಳಿಟ್ಟ ಹಾಗೆ.

ಇಲ್ಲಿ ನನ್ನ ಮೊದಲ ತಪ್ಪು. ಸಿಟ್ಟಲ್ಲಿ ಎಂಡ್ ಟಾಸ್ಕ್ ಒತ್ತಿಬಿಟ್ಟೆ. ನೀಲಿ ಸ್ಕ್ರೀನ್ ಬಂತು, ಕ್ರಿಟಿಕಲ್ ಪ್ರೋಸೆಸ್ ಡೈಡ್ ಅಂತ. ಎನ್‌ಜೆರ್‍ಯಾಟ್‌ನಲ್ಲಿ ಈ ಕುತಂತ್ರ ಇದೆ. ನಾನು ವಿಂಡೋಸ್‌ನ ಜೀವಾಳ ಅಂತ ತನ್ನನ್ನ ಗುರುತು ಮಾಡಿಕೊಂಡಿರುತ್ತೆ, ಕೊಂದ್ರೆ ಸಿಸ್ಟಂನೂ ಜೊತೆಗೆ ಮಲಗಿಸುತ್ತೆ. ಅಣ್ಣ ಬೆಳಿಗ್ಗೆಯಿಂದ ಕೂರಿಸಿದ್ದ ಲಗ್ನಪತ್ರಿಕೆ ಹಿಂದೆ ತೆರೆದೇ ಇತ್ತು, ಸೇವ್ ಆಗಿರಲಿಲ್ಲ. ಕೇಳೋಕೆ ನನಗೆ ಹೊಳೀಲೇ ಇಲ್ಲ. ಬಂಧುಗಳ ಹೆಸರೇ ಮೂವತ್ತೆರಡು ಇದ್ದವಂತೆ. ಅಣ್ಣ ಬೈಯಲಿಲ್ಲ, ಟೀ ತರಿಸಿದರು. ಅದು ಇನ್ನೂ ಕಷ್ಟ.

ಸಿಪಿಯು ನನ್ನ ಅಂಗಡಿಗೆ ತಂದೆ. ನೆಟ್ ಕಿತ್ತು, ವಿಂಡೋಸ್ ಅತಿ ಅಗತ್ಯದ್ದನ್ನ ಮಾತ್ರ ಎಬ್ಬಿಸೋ ಸೇಫ್ ಮೋಡ್‌ಗೆ ಹೋದೆ. ಫೈಲ್ ಅಳಿಸಿದೆ, ಸಿಸ್ಟಂ ಆನ್ ಆದಾಗ ಅದನ್ನ ಎಬ್ಬಿಸ್ತಿದ್ದ ರಿಜಿಸ್ಟ್ರಿಯ ರನ್ ಕೀ ಸಾಲು ಅಳಿಸಿದೆ, ಫೈರ್‌ವಾಲ್‌ನಲ್ಲಿ ಅದಕ್ಕೆ ಕೊಟ್ಟಿದ್ದ ಅನುಮತಿ, ಆ ಎಕ್ಸ್‌ಕ್ಲೂಷನ್, ಎಲ್ಲ ತೆಗೆದೆ. ಪೂರ್ತಿ ಸ್ಕ್ಯಾನ್, ಏನೂ ಇಲ್ಲ. ಮತ್ತೆ ಮಾಮೂಲಿಯಾಗಿ ಆನ್ ಮಾಡಿ ನೆಟ್‌ಸ್ಟ್ಯಾಟ್ ನೋಡಿದೆ, ಖಾಲಿ. 400 ರೂಪಾಯಿ ತಗೊಂಡು ಕೊಟ್ಟು ಬಂದೆ.

ಮೂರನೇ ದಿನ ಮತ್ತೆ ಫೋನ್. ಮಧ್ಯಾಹ್ನಕ್ಕೇ ನೆಟ್ ಖಾಲಿ.

ನೆಟ್ ಕಿತ್ತಿಟ್ಟ ಸಿಸ್ಟಂನಲ್ಲಿ ನೆಟ್‌ಸ್ಟ್ಯಾಟ್ ಖಾಲಿ ಇರದೆ ಇನ್ನೇನಿರುತ್ತೆ, ಅಲ್ವಾ? ಆ ಬುದ್ಧಿ ನನಗೆ ಆಗ ಇರಲಿಲ್ಲ. ಈ ಸಲ ಮೈಕ್ರೋಸಾಫ್ಟ್‌ನದ್ದೇ ಆಟೋರನ್ಸ್ ಹಾಕಿದೆ. ಫ್ರೀ ಟೂಲ್, ಸಿಸ್ಟಂ ಆನ್ ಆದಾಗ ತಾನಾಗೇ ಎದ್ದು ಕೂರೋದನ್ನೆಲ್ಲ ಒಂದೇ ಕಡೆ ತೋರಿಸುತ್ತೆ. ಶೆಡ್ಯೂಲ್ಡ್ ಟಾಸ್ಕ್ಸ್ (ಹೇಳಿಟ್ಟ ಹೊತ್ತಿಗೆ ತಾನೇ ಓಡೋ ಕೆಲಸಗಳು) ಭಾಗದಲ್ಲಿ ಗೂಗಲ್ ಅಪ್‌ಡೇಟ್ ಅನ್ನೋ ಥರದ ಹೆಸರು. ಆದ್ರೆ ಅದು ಓಡಿಸ್ತಿದ್ದಿದ್ದು ವಿಂಡೋಸ್‌ಗೆ ಆದೇಶ ಕೊಡೋ ಟೂಲ್ ಪವರ್‌ಶೆಲ್, ಅದರ ಮುಂದೆ ತಲೆಬುಡ ಇಲ್ಲದ ಅಕ್ಷರಗಳು ಉದ್ದಕ್ಕೆ, ಸ್ಕ್ರೀನ್ ಆಚೆಗೂ. ಆ ಅಕ್ಷರಗಳನ್ನ ಬಿಡಿಸಿ ನೋಡಿದ್ರೆ ವಿಷಯ ಸರಳ: ಡಿಫೆಂಡರ್‌ಗೆ ಮತ್ತೆ ಎಕ್ಸ್‌ಕ್ಲೂಷನ್ ಹಾಕು, ಆಮೇಲೆ ನೆಟ್‌ನಿಂದ ಫೈಲ್ ಇಳಿಸಿಕೋ, ಓಡಿಸು. ಪ್ರತಿ ಸಲ ಲಾಗಿನ್ ಆದಾಗ. ನಾನು ಕಳ್ಳನನ್ನ ಹೊರಗೆ ಹಾಕಿದ್ದೆ, ಅವನಿಗೆ ಬಾಗಿಲು ತೆಗೆಯೋನು ಒಳಗೇ ಇದ್ದ. ಕರೀ ಕಿಟಕಿ ಇವನದ್ದೇ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಟಾಸ್ಕ್ ಶೆಡ್ಯೂಲರ್‌ನಲ್ಲಿ ಆ ಟಾಸ್ಕ್ ಯಾವಾಗ ಹುಟ್ಟಿದ್ದು ಅಂತಾನೂ ಇರುತ್ತೆ. ಜೂನ್ 14, ಸಂಜೆ 6:42. ಅಣ್ಣನ ಕೇಳಿದೆ, ಅವತ್ತು ಯಾರಾದ್ರೂ ಪೆನ್‌ಡ್ರೈವ್ ಹಾಕಿದ್ರಾ, ಏನಾದ್ರೂ ಡೌನ್‌ಲೋಡ್ ಮಾಡಿದ್ರಾ. ಅವರು ಡ್ರಾಯರ್‌ನಿಂದ ಒಂದು ಚೀಟಿ ತೆಗೆದು ಮುಂದಿಟ್ಟರು. ನನ್ನದೇ ಬಿಲ್. ಜೂನ್ 14, ವಿಂಡೋಸ್ ಮತ್ತು ಆಫೀಸ್, 600 ರೂಪಾಯಿ. ನನ್ನದೇ ಕೈಬರಹ.

ಆ ಆಫೀಸ್‌ಗೆ ನಾನು ಹಾಕಿದ್ದು ಆಕ್ಟಿವೇಟರ್, ಅಂದ್ರೆ ಲೈಸೆನ್ಸ್ ಕೊಳ್ಳದೆ ಓಡಿಸೋ ಕ್ರ್ಯಾಕ್. ಪಾಸ್‌ವರ್ಡ್ ಇರೋ ಜಿಪ್ ಫೈಲ್, ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅಂತ ಅದರಲ್ಲೇ ಬರೆದಿರುತ್ತೆ, ನಾವೂ ಆಫ್ ಮಾಡಿ ಅಡ್ಮಿನ್ ಆಗಿ ಓಡಿಸ್ತೀವಿ. ಆ ಫೈಲ್‌ನ ವೈರಸ್‌ಟೋಟಲ್‌ಗೆ, ಹತ್ತಾರು ಆ್ಯಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸೋ ಸೈಟ್‌ಗೆ, ಹಾಕಿದೆ. ಸಾಲು ಸಾಲು ಕೆಂಪು. ಇದೇ ನೋಡಿ ನಮ್ಮ ಲೈನಿನವರ ಕುರುಡು. ಕ್ರ್ಯಾಕ್ ಅಂದ್ರೆ ಹ್ಯಾಕ್‌ಟೂಲ್ ಅಂತ ಕೆಂಪು ಬಂದೇ ಬರುತ್ತೆ, ಪರವಾಗಿಲ್ಲ ಅಂತ ಕಣ್ಣು ಪಳಗಿಬಿಟ್ಟಿರುತ್ತೆ. ಆ ಕೆಂಪಿನ ನಡುವೆ ಕೆಲವು ಕಡೆ ಬ್ಯಾಕ್‌ಡೋರ್ (ಹಿಂಬಾಗಿಲು) ಅಂತಾನೂ ಇತ್ತು, ಓದಿರಲಿಲ್ಲ ಅಷ್ಟೇ.

ಅಣ್ಣಂಗೆ ಅಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗೇನ್ ಮಾಡೋದು ಹೇಳು" ಅಂದರು.

ಈ ಸಲ ಕ್ಲೀನ್ ಮಾಡೋ ಉಸಾಬರಿಗೆ ಹೋಗಲಿಲ್ಲ. ಹೊರಗಿನವನು ಅಡ್ಮಿನ್ ಆಗಿ ವಾರಗಟ್ಟಲೆ ಓಡಾಡಿದ ಸಿಸ್ಟಂನಲ್ಲಿ ಇನ್ನೇನು ಬಚ್ಚಿಟ್ಟಿದ್ದಾನೋ ಯಾರಿಗೆ ಗೊತ್ತು. ಡಿಸೈನ್ ಫೈಲ್, ಫೋಟೋ, ಫಾಂಟ್ ಮಾತ್ರ ಎತ್ತಿಟ್ಟುಕೊಂಡು, ಸೆಟಪ್ ಫೈಲ್ ಒಂದನ್ನೂ ಮುಟ್ಟದೆ, ಪಾರ್ಟಿಷನ್ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿದ್ದು ಮೈಕ್ರೋಸಾಫ್ಟ್ ಸೈಟ್‌ನಿಂದ, ಬೇರೆ ಸಿಸ್ಟಂನಲ್ಲಿ. ಆಕ್ಟಿವೇಟ್ ಮಾಡದಿದ್ರೂ ವಿಂಡೋಸ್ ಓಡುತ್ತೆ, ಮೂಲೆಯಲ್ಲಿ ಒಂದು ನೀರುಗುರುತು ಬರುತ್ತೆ ಅಷ್ಟೇ. ಲೈಸೆನ್ಸ್ ತಗೊಳ್ಳೋವರೆಗೂ ಅದು ಇರಲಿ ಅಂದೆ. ಆಫೀಸ್ ಬದಲು ಉಚಿತವಾಗಿ ಸಿಗೋ ಲಿಬ್ರೆಆಫೀಸ್.

ಪಾಸ್‌ವರ್ಡ್ ಬದಲಾಯಿಸೋಕೆ ಒಂದು ಸಂಜೆ ಹಿಡೀತು, ಎಲ್ಲ ಅವರ ಮೊಬೈಲ್‌ನಿಂದ. ಜಿಮೇಲ್‌ನಲ್ಲಿ ಬೇರೆ ಸಾಧನಗಳನ್ನೆಲ್ಲ ಸೈನ್ ಔಟ್ ಮಾಡಿದ್ವಿ, ಯಾಕಂದ್ರೆ ಬ್ರೌಸರ್‌ನ ಕುಕಿ (ಲಾಗಿನ್ ಆಗಿದ್ದೀರಿ ಅನ್ನೋ ಗುರುತು) ಕದ್ದವನಿಗೆ ಪಾಸ್‌ವರ್ಡೂ ಬೇಡ, ಓಟಿಪಿನೂ ಬೇಡ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ತೆಗೆದ್ವಿ. ಬ್ಯಾಂಕಿಗೆ ತಿಳಿಸಿದ್ರು. ದುಡ್ಡು ಹೋಗಿರಲಿಲ್ಲ, ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ನಂಬರ್ ಗೋಡೆಗೆ ಅಂಟಿಸಿದೆ. ಅರ್ಜಿ ತುಂಬಿಸೋಕೆ ಬಂದ ಹುಡುಗ ಹುಡುಗೀರು ಆ ಕೀಬೋರ್ಡ್‌ನಲ್ಲೇ ಪಾಸ್‌ವರ್ಡ್ ಒತ್ತಿದ್ದರಲ್ಲ, ಅವರನ್ನ ರಿಜಿಸ್ಟರ್ ನೋಡ್ಕೊಂಡು ಅಣ್ಣನೇ ಒಬ್ಬೊಬ್ಬರಿಗೆ ಫೋನ್ ಮಾಡಿದರು.

ನಾನು ನನ್ನ ಬಿಲ್ ಬುಕ್ ಹಿಡ್ಕೊಂಡು ಕೂತೆ. ಆ ಆಕ್ಟಿವೇಟರ್ ಇದ್ದ ನನ್ನ ಪೆನ್‌ಡ್ರೈವ್ ಜೂನ್ 14ರ ಆಮೇಲೆ 11 ಸಿಸ್ಟಂಗೆ ಹೋಗಿತ್ತು. ಹತ್ತು ಕರೆಸಿಕೊಂಡು ದುಡ್ಡು ತಗೊಳ್ಳದೆ ಫಾರ್ಮ್ಯಾಟ್ ಮಾಡಿಕೊಟ್ಟೆ. ಹನ್ನೊಂದನೆಯವರು ಕಿರಾಣಿ ಅಂಗಡಿ ಯಜಮಾನರು, ಮೂರು ಸಲ ಹೋಗಿ ಬಂದೆ. "ಚೆನ್ನಾಗೇ ಓಡಕ್ಕತ್ತೈತಿ, ಮುಟ್ಟಬ್ಯಾಡ ಮಾರಾಯ" ಅಂತಾರೆ. ನಾಳೆ ಅಂಗಡಿ ಮುಚ್ಚೋ ಹೊತ್ತಿಗೆ ಮತ್ತೆ ಹೋಗಬೇಕು.